ಗೇಟಿನ ಹೊರಗೆ ನಿಂತ ಕಾರು

ಎರಡನೇ ಮಹಡಿ
ಮಾರ್ಚ್ 2

ಐದನೇ ಮಹಡಿಯ ಮಾಲೀಕರಿಗೆ,

ನಮಸ್ಕಾರ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಎಷ್ಟು ಕಾಲವಾಯಿತೆಂದು ಐದನೇ ಮಹಡಿಯವರಿಗೆ ನಾನು ಹೇಳಬೇಕಾಗಿಲ್ಲ. ರಿಪೇರಿಯವರು ಮುಂಗಡ ಇಲ್ಲದೆ ಸ್ಕ್ರೂ ಡ್ರೈವರ್ ಕೂಡ ಮುಟ್ಟುವುದಿಲ್ಲ ಎಂದಿದ್ದಾರೆ. ಮೇಂಟೆನೆನ್ಸ್ ಬಾಕಿ ಇಟ್ಟುಕೊಂಡವರೆಲ್ಲ ಕಟ್ಟಿದರೆ ಕೆಲಸ ನಾಳೆಯೇ ಶುರುವಾಗುತ್ತದೆ. ಅದಕ್ಕಾಗಿ ಮಹಾಸಭೆ ತೀರ್ಮಾನಿಸಿದ್ದು ಹೀಗೆ: ಬರುವ ಸೋಮವಾರದಿಂದ, ಬಾಕಿ ತೀರುವವರೆಗೆ, ಬಾಕಿದಾರರ ವಾಹನಗಳಿಗೆ ಬೇಸ್‌ಮೆಂಟಿನಲ್ಲಿ ಜಾಗವಿಲ್ಲ. ಬೇರೆಯವರು ತಮ್ಮ ಜಾಗವನ್ನು ಅವರಿಗೆ ಬಿಟ್ಟುಕೊಡುವಂತೆಯೂ ಇಲ್ಲ.

ಕಾರ್ಯದರ್ಶಿಯಾಗಿ ಹೇಳಬೇಕಾದದ್ದು ಇಷ್ಟು. ಇನ್ನು ನಿನ್ನ ಸ್ನೇಹಿತೆ ಪೀಪಿಯಾಗಿ ಒಂದು ಮಾತು. ಸಭೆಯಲ್ಲಿ ಬಾಕಿದಾರರ ಫ್ಲ್ಯಾಟ್ ನಂಬರುಗಳನ್ನು ಓದುವಾಗ ನಿನ್ನದನ್ನೂ ಓದಿದೆ. ಓದದೆ ಬಿಟ್ಟಿದ್ದರೆ ಜನ ಏನೆನ್ನುತ್ತಿದ್ದರು? ಸ್ನೇಹಿತೆಗೆ ಒಂದು ಕಾನೂನು, ಊರಿಗೆ ಒಂದು ಕಾನೂನು ಅನ್ನುತ್ತಿರಲಿಲ್ಲವೇ? ನನ್ನ ಚುನಾವಣೆಯ ಹೊತ್ತಿನಿಂದಲೇ ನೀನು ಕಾಫಿಗೆ ಬರುವುದು ಕಡಿಮೆಯಾಗಿತ್ತು, ಅಂದಿನಿಂದ ಬಂದೇ ಇಲ್ಲ. ನಾನು ನಿನಗೆಂದು ಸಕ್ಕರೆ ಹಾಕದ ಒಂದು ಲೋಟ ದಿನಾ ಹೆಚ್ಚಿಗೆ ಮಾಡಿ ದಿನಾ ಚೆಲ್ಲುತ್ತಿದ್ದೇನೆ. ದುಡ್ಡು ಕಟ್ಟಿ ಕೆಳಗೆ ಬಾ.

ಇಂತಿ,
ಕಾರ್ಯದರ್ಶಿ

*

ಐದನೇ ಮಹಡಿ
ಮಾರ್ಚ್ 4

ಮಾನ್ಯ ಕಾರ್ಯದರ್ಶಿಗಳೇ,

ತಮ್ಮ ಅಪ್ಪಣೆ ತಲುಪಿತು. ತಾವು ಕಳಿಸಿದ ಸೆಕ್ಯೂರಿಟಿಯವರು ಐದು ಮಹಡಿ ಹತ್ತಲಾರದೆ ಅಂಗಳದಲ್ಲೇ ನಿಂತು ಕೂಗಿದರು. ಅಮ್ಮ ತರಕಾರಿ ಬುಟ್ಟಿಯನ್ನು ಹಗ್ಗದಲ್ಲಿ ಇಳಿಸಿ, ತಮ್ಮ ಕಾಗದವನ್ನು ಬದನೆಕಾಯಿ ಜೊತೆ ಮೇಲೆಳೆದುಕೊಂಡರು. ಈ ಉತ್ತರವೂ ಅದೇ ಬುಟ್ಟಿಯಲ್ಲಿ ತಮ್ಮ ಬಾಲ್ಕನಿಗೆ ಇಳಿಯುತ್ತದೆ. ಲಿಫ್ಟ್ ಇಲ್ಲದ ಮನೆಯವರಿಗೆ ಇದೇ ಲಿಫ್ಟ್.

ನಾನು ಕಟ್ಟುವುದಿಲ್ಲ. ಹಿಂದಿನ ಕಮಿಟಿಯವರು ಅಂಗಳದಲ್ಲಿ ಕಾರಂಜಿ ಕಟ್ಟಿಸಿದಾಗಲೂ ತಪ್ಪದೆ ಕಟ್ಟುತ್ತಿದ್ದವಳು ನಾನು. ಆ ಕಾರಂಜಿಯಿಂದ ಈವರೆಗೆ ಚಿಮ್ಮಿದ್ದು ಸೊಳ್ಳೆ ಮಾತ್ರ. ಲಿಫ್ಟ್ ನಿಂತ ಮೇಲೆ ನಮ್ಮ ಅಮ್ಮ ನೆಲದ ಮೇಲೆ ಕಾಲಿಟ್ಟಿಲ್ಲ. ಲಿಫ್ಟ್ ಓಡಿದ ದಿನ ಪೂರ್ತಿ ಬಾಕಿ ತಮ್ಮ ಮೇಜಿನ ಮೇಲಿರುತ್ತದೆ, ಅಲ್ಲಿಯವರೆಗೆ ಒಂದು ಕಾಸೂ ಇಲ್ಲ.

ಇನ್ನು ಪಾರ್ಕಿಂಗ್ ವಿಷಯ. ಆ ಬೇಸ್‌ಮೆಂಟಿನಲ್ಲಿ ನಿಂತ ಕಾರುಗಳಲ್ಲಿ ಅರ್ಧಕ್ಕರ್ಧ ಓಡಿಸುವವರಿಗೆ ಸ್ಟೇರಿಂಗ್ ಹಿಡಿಯುವುದನ್ನು ಹೇಳಿಕೊಟ್ಟವಳು ನಾನು. ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಗೇಟಿನ ದಿಬ್ಬ ಹತ್ತಿಸಲಾಗದೆ ಮಗುವಿನ ಹಾಗೆ ಅತ್ತದ್ದು ತಮಗೂ ಗೊತ್ತು. ಈಗ ಅವರ ಕಾರು ಒಳಗೆ, ಅವರ ಟೀಚರ್ ಕಾರು ಹೊರಗೆ. ಇರಲಿ. ಸೋಮವಾರ ನಾನೇ ಹೊರಗೆ ತೆಗೆಯುತ್ತೇನೆ. ಶಾಲೆಯ ಮಕ್ಕಳಿಗೆ ಡ್ರಿಲ್ ಮಾಡಿಸಿ ನಿವೃತ್ತರಾದವರು ಈಗ ನಮಗೆ ಮಾಡಿಸಲು ಹೊರಟಿದ್ದೀರಿ. ವಿಷಲ್ ತರಲು ಮರೆಯಬೇಡಿ.

ಕಾಫಿ ನಮ್ಮ ಮನೆಯಲ್ಲೂ ಇದೆ.

ಇಂತಿ,
ಬಾಕಿದಾರಳು

*

ಎರಡನೇ ಮಹಡಿ
ಮಾರ್ಚ್ 10

ಕ್ಲಚ್ಚಕ್ಕ,

ಈ ಸಲ ಔಪಚಾರಿಕತೆ ಸಾಕು, ಸಿಟ್ಟು ನೆತ್ತಿಗೇರಿದೆ. ನಿನ್ನೆ ನೀನು ಮಾಡಿದ್ದು ಸರಿಯೇ?

ಆಫೀಸಿಗೆ ಹೊರಡುವ ಹೊತ್ತನ್ನೇ ನೋಡಿ ಕಾರು ತೆಗೆದೆ. ಮಳೆನೀರು ಒಳಗೆ ನುಗ್ಗದಿರಲಿ ಎಂದು ಗೇಟಿನಲ್ಲಿ ಕಟ್ಟಿದ ಆ ದಿಬ್ಬದ ಮೇಲೆ ಇಂಜಿನ್ ಆಫ್ ಮಾಡಿದೆ. ಒಂದು ಸಲವಲ್ಲ, ಮತ್ತೆ, ಮತ್ತೊಮ್ಮೆ. ಹಿಂದೆ ಸಾಲುಗಟ್ಟಿ ಹಾರ್ನ್. ಯಾವ ಕ್ಲಚ್ಚಕ್ಕನ ಕಾರು ಜೀವಮಾನದಲ್ಲಿ ದಿಬ್ಬದ ಮೇಲೆ ಆಫ್ ಆಗಿಲ್ಲವೋ ಆ ಕ್ಲಚ್ಚಕ್ಕನದು! ನಾಟಕ ಎಂದು ಕುರುಡರಿಗೂ ತಿಳಿಯುತ್ತಿತ್ತು. ಅದಕ್ಕೇ ನಾನು ವಿಷಲ್ ಊದಿದೆ. ಎಲ್ಲರೂ ನಕ್ಕರು. ಸುಳ್ಳೇಕೆ, ನಾನೂ ನಕ್ಕೆ. ನೀನು ತಿರುಗಿಯೂ ನೋಡದೆ ರಸ್ತೆಯ ಮರದ ಕೆಳಗೆ ಕಾರು ನಿಲ್ಲಿಸಿ, ಬಹಳ ಹೊತ್ತು ಒಳಗೇ ಕುಳಿತಿದ್ದೆ.

ಒಂದು ಮಾತು ಕೇಳು. ಉಳಿದ ಬಾಕಿದಾರರು ಹೆಚ್ಚುಕಡಿಮೆ ಎಲ್ಲರೂ ಕಟ್ಟಿದರು. ಕಾರಿನ ಮೇಲೆ ಕಾಗೆ ಗಲೀಜು ಮಾಡುತ್ತದೆ ಎಂದ ಕೂಡಲೇ ಜನರಿಗೆ ಎಲ್ಲಿಲ್ಲದ ಜವಾಬ್ದಾರಿ ಬಂತು. ಲಿಫ್ಟಿಗೆ ಮುಂಗಡ ಕೊಟ್ಟಾಯಿತು, ಸಾಮಾನು ಬರಲು ಕೆಲವು ತಿಂಗಳು ಬೇಕಂತೆ. ಕೆಲಸ ಮುಗಿದಾಗ ಉಳಿದದ್ದನ್ನು ಕೊಡಬೇಕು, ಅದಕ್ಕೆ ನಿನ್ನ ಪಾಲೂ ಬೇಕು. ನೀನು ಪಟ್ಟು ಹಿಡಿದರೆ ನಾನೂ ಹಿಡಿಯಬಲ್ಲೆ. ಓಟದ ಗೆರೆಗೆ ಕಾಲು ತಾಗಿಸಿದರೆ ಹೆಡ್‌ಮಾಸ್ಟರ ಮಗಳನ್ನೂ ಆಟದಿಂದ ಹೊರಗೆ ಕಳಿಸಿದವಳು ನಾನು.

ಪೀಪಿ

*

ಐದನೇ ಮಹಡಿ
ಮಾರ್ಚ್ 12

ಮಾನ್ಯ ಕಾರ್ಯದರ್ಶಿಗಳೇ,

ತಮ್ಮ ಪತ್ರ ತಲುಪಿತು.

ಇಂತಿ,
ಬಾಕಿದಾರಳು

(ಇದರ ಹಿಂದೆ, ಬೇರೆ ಕೈಬರಹದಲ್ಲಿ)

ಮಗೂ, ನಾನು ಯಾರ ಕಾಗದವನ್ನೂ ಓದುವವಳಲ್ಲ. ಹಗ್ಗ ಹಿಡಿಯುವುದಷ್ಟೇ ನನ್ನ ಕೆಲಸ. ಆದರೆ ಸೋಮವಾರ ನೀನು ನಕ್ಕದ್ದು ಇಲ್ಲಿಯವರೆಗೂ ಕೇಳಿಸಿತು. — ಅಮ್ಮ

*

ಎರಡನೇ ಮಹಡಿ
ಏಪ್ರಿಲ್ 21

ಕ್ಲಚ್ಚಕ್ಕ,

ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಇದು ಬಾಕಿಯ ಕಾಗದವಲ್ಲ, ಹರಿಯಬೇಡ.

ದಿನಾ ಬೆಳಿಗ್ಗೆ ಹಾಲು ತರಲು ಹೋಗುವಾಗ ನಿನ್ನ ಕಾರನ್ನು ದಾಟಿ ಹೋಗುತ್ತೇನೆ. ಮೊದಲ ವಾರ ಬಾನೆಟ್ ಮೇಲೆ ನಾಲ್ಕು ಎಲೆ ಇದ್ದವು. ಈಗ ಗಾಜು ಕಾಣದಷ್ಟು ಬಿದ್ದಿವೆ. 'ಕಲಿಯುವವರ ವಾಹನ' ಎಂಬ ಬೋರ್ಡಿನ ಮೇಲೆ ಹಕ್ಕಿಗಳು ತಮ್ಮ ಅಭಿಪ್ರಾಯ ಬರೆದು ಹೋಗಿವೆ. ಹಿಂದಿನ ಚಕ್ರದ ಗಾಳಿ ಇಳಿದಿದೆ. ನಿನಗೆ ಕ್ಲಾಸ್ ಇಲ್ಲವೇ ಎಂದು ಸೆಕ್ಯೂರಿಟಿಯವರನ್ನು ಕೇಳಿದರೆ, "ಅಯ್ಯೋ ಮೇಡಂ, ಆ ಗಾಡಿ ಹೊರಗ್ ಬಂದ್ಮೇಲೆ ಒಂದಿನಾನೂ ಅಲ್ಲಾಡಿಲ್ಲ" ಎಂದರು.

ಮೊನ್ನೆ ಸಂಜೆ ಮೆಟ್ಟಿಲ ಮೇಲೆ ಏನೋ ಸದ್ದಾಯಿತೆಂದು ಬಾಗಿಲ ಸಂದಿಯಿಂದ ನೋಡಿದೆ. ನೀನು ಇಳಿಯುತ್ತಿದ್ದೆ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲು. ನಮ್ಮ ಬಾಗಿಲ ಎದುರು ಬಂದಾಗ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು, ಏನೂ ಆಗದವಳ ಹಾಗೆ ನಡೆದೆ. ನಾನು ಬಾಗಿಲು ತೆರೆಯಲಿಲ್ಲ. ತೆರೆದಿದ್ದರೆ ನೀನು ಸುಳ್ಳು ಹೇಳಬೇಕಾಗುತ್ತಿತ್ತು.

ಕೆಲಸಕ್ಕೆ ಸೇರಿದಾಗಿನಿಂದ ಮಕ್ಕಳ ಮೊಣಕಾಲು ನೋಡಿಯೇ ಸಂಬಳ ತಿಂದವಳು ನಾನು. ಎಡಗಾಲು ಅಲ್ಲವೇ? ಕ್ಲಚ್ ಒತ್ತುವ ಕಾಲು.

ಆಮೇಲೆ ಒಲೆ ಮೇಲೆ ಹಾಲಿಟ್ಟು ನಿಂತಿದ್ದಾಗ ಆ ಸೋಮವಾರ ನೆನಪಾಯಿತು. ದಿಬ್ಬದ ಮೇಲೆ ಇಂಜಿನ್ ಆಫ್ ಆದದ್ದು ನಾಟಕವಲ್ಲ. ಆ ಕಾಲಿಗೆ ಕ್ಲಚ್ಚನ್ನು ಹಿಡಿದು ನಿಲ್ಲಿಸಲಾಗಲಿಲ್ಲ. ನೀನು ಹಲ್ಲು ಕಚ್ಚಿಕೊಂಡು ನೋವು ನುಂಗುತ್ತಿದ್ದೆ, ನಾನು ಎದುರು ನಿಂತು ವಿಷಲ್ ಊದಿದೆ. ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿತು, ನಾನು ನೋಡುತ್ತಲೇ ನಿಂತಿದ್ದೆ. ನನಗೆ ನಾಚಿಕೆಯಾಗಿದೆ ಕಣೇ. ಬಹಳ ನಾಚಿಕೆಯಾಗಿದೆ.

ಯಾವಾಗ ಬಿದ್ದೆ? ನನಗೇಕೆ ಹೇಳಲಿಲ್ಲ?

ಪೀಪಿ

*

ಐದನೇ ಮಹಡಿ
ಏಪ್ರಿಲ್ 25

ಪೀಪಿ,

ಕೇಳಿದ್ದೀಯಲ್ಲ, ಹೇಳುತ್ತೇನೆ. ಒಂದೇ ಸಲ ಹೇಳುತ್ತೇನೆ, ಮತ್ತೆ ಕೆದಕಬೇಡ.

ಲಿಫ್ಟ್ ನಿಂತ ಮೇಲೆ ಕುಡಿಯುವ ನೀರಿನ ಕ್ಯಾನ್ ಮೇಲೆ ತರಲು ಯಾರೂ ಒಪ್ಪಲಿಲ್ಲ. ನಾನೇ ಹೆಗಲ ಮೇಲಿಟ್ಟು ತರುತ್ತಿದ್ದೆ. ಒಂದು ದಿನ ಮೂರನೇ ಮಹಡಿ ದಾಟಿದ ಮೇಲೆ ತಿರುವಿನಲ್ಲಿ ಕಾಲು ಮಡಚಿತು. ಕ್ಯಾನ್ ಉರುಳಿಕೊಂಡು ನಿಮ್ಮ ಬಾಗಿಲವರೆಗೂ ಹೋಯಿತು. ಆ ದಿನ ನೀನು ವೋಟು ಕೇಳಲು ಮನೆಮನೆ ತಿರುಗುತ್ತಿದ್ದೆ, "ಲಿಫ್ಟ್ ಓಡಿಸಿಯೇ ತೀರುತ್ತೇನೆ" ಎನ್ನುತ್ತ. ನಾನು ಅಮ್ಮನಿಗೂ ಕಾಲು ಉಳುಕಿದೆ ಎಂದಷ್ಟೇ ಹೇಳಿದೆ.

ಮೂಳೆ ಡಾಕ್ಟರು ಕ್ಲಚ್ ಮುಟ್ಟಬೇಡಿ ಎಂದರು. ಪಕ್ಕದ ಸೀಟಿನಲ್ಲಿ ಕುಳಿತು ಕಲಿಸುವುದೂ ಬೇಡವಂತೆ, ಅಲ್ಲಿಯೂ ನನ್ನ ಕಾಲ ಕೆಳಗೆ ಬ್ರೇಕು, ಕ್ಲಚ್ಚು ಇವೆಯಲ್ಲ. ರಸ್ತೆಯಲ್ಲಿ ಕಲಿಯುವವರ ಜೀವ ನನ್ನ ಕಾಲಿನಲ್ಲಿರುತ್ತದೆ. ಆ ಮಾತು ನನಗೂ ಸರಿ ಎನಿಸಿತು. ಇದ್ದ ಸ್ಟೂಡೆಂಟುಗಳನ್ನೆಲ್ಲ ಬೇರೆ ಸ್ಕೂಲಿಗೆ ಕಳಿಸಿದೆ. ಸಂಪಾದನೆ ನಿಂತಿತು. ಲಿಫ್ಟ್ ಓಡುವವರೆಗೆ ಕಟ್ಟುವುದಿಲ್ಲ ಎಂದು ಹಟ ಹಿಡಿದದ್ದು ಹಟವಲ್ಲ. ಇಲ್ಲ ಎನ್ನುವುದಕ್ಕಿಂತ ಕೊಡುವುದಿಲ್ಲ ಎನ್ನುವುದು ಸುಲಭ.

ಕಾರು ಬೇಸ್‌ಮೆಂಟಿನಲ್ಲಿ ಇದ್ದಾಗ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ವಾರಕ್ಕೊಮ್ಮೆ ಹೇಗೋ ಇಳಿದು, ಧೂಳು ಒರೆಸಿ, ಇಂಜಿನ್ ಸ್ಟಾರ್ಟ್ ಮಾಡಿ, ಒಳಗೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಕ್ಲಚ್ಚಕ್ಕ ಬೆಳಿಗ್ಗೆಯೇ ಕ್ಲಾಸ್ ಮುಗಿಸಿ ಬಂದಳು ಎಂದುಕೊಳ್ಳುತ್ತಿದ್ದರು ಜನ. ನೀನು ಅದನ್ನು ಗೇಟಿನ ಹೊರಗೆ ಹಾಕಿಸಿದೆ. ಅದು ಅಲ್ಲಾಡುವುದಿಲ್ಲ ಎಂದು ಈಗ ಇಡೀ ಬೀದಿಗೆ ಗೊತ್ತು. ನನಗೆ ಉರಿದದ್ದು ಆ ಜಾಗ ಹೋಯಿತೆಂದಲ್ಲ ಪೀಪಿ.

ಇಷ್ಟು ತಿಳಿದ ಮೇಲೆ ನನ್ನ ಹೆಸರಿನಲ್ಲಿ ಡಬ್ಬಿ ಹಿಡಿದು ಹೊರಟೀಯ, ಹುಷಾರ್. ಆ ಹಲ್ಲಿನ ಡಾಕ್ಟರ ಹತ್ತಿರ ಒಂದು ಕಾಸು ಎತ್ತಿದೆ ಎಂದು ತಿಳಿದರೂ ಬುಟ್ಟಿಯ ಹಗ್ಗ ಕತ್ತರಿಸುತ್ತೇನೆ. ಬಾಕಿ ಮನ್ನಾ ಎಂಬ ಮಾತೂ ಬೇಡ. ನಾನು ಬಾಕಿದಾರಳೇ ಹೊರತು ಬೇಡುವವಳಲ್ಲ.

ಕ್ಲಚ್ಚು

*

ಎರಡನೇ ಮಹಡಿ
ಏಪ್ರಿಲ್ 28

ಕ್ಲಚ್ಚಕ್ಕ,

ಮನ್ನಾ ಮಾಡುವ ಯೋಚನೆ ನನಗಿಲ್ಲ. ಒಬ್ಬರಿಗೆ ಮಾಡಿದರೆ ನಾಳೆ ಎಲ್ಲರ ಮೊಣಕಾಲೂ ನೋಯುತ್ತದೆ. ಕೊನೆಯ ಕಾಸು ಬರುವವರೆಗೆ ನಿನ್ನ ಕಾರು ಮರದ ಕೆಳಗೇ ಇರುತ್ತದೆ. ನಮ್ಮ ಜಾಗದಲ್ಲಿ ಹೂಕುಂಡ ಬಿಟ್ಟರೆ ಏನೂ ಇಲ್ಲ, ಅದನ್ನು ನಿನಗೆ ಕೊಡೋಣವೆಂದರೆ ಅದಕ್ಕೂ ಅಡ್ಡ ಹಾಕಿದ ನಿಯಮ ಬರೆದವಳು ನಾನೇ. ನನ್ನ ಬುದ್ಧಿಗೆ ನಾನೇ ತಲೆ ಚಚ್ಚಿಕೊಂಡೆ.

ಆದ್ದರಿಂದ ಬೇರೆ ಯೋಚನೆ ಮಾಡಿದ್ದೇನೆ. ನನಗೆ ಡ್ರೈವಿಂಗ್ ಕಲಿಸು.

ನಗಬೇಡ. ಹಿಂದೊಮ್ಮೆ ನೀನು ಪುಕ್ಕಟೆ ಕಲಿಸಲು ಹೋದಾಗ, ಎದುರು ಬಂದ ಸೈಕಲ್ಲಿಗೆ ಹಾರ್ನ್ ಮಾಡುವ ಬದಲು ಕಾರಿನೊಳಗೇ ವಿಷಲ್ ಊದಿದವಳು ನಾನೆಂದು ನೆನಪಿದೆ. ಈ ಸಲ ಪುಕ್ಕಟೆಯಲ್ಲ, ಪೂರ್ತಿ ಫೀಸು. ರಸ್ತೆಯೂ ಬೇಡ. ನಮ್ಮ ಶಾಲೆಯ ಮೈದಾನ ಬೆಳಗಿನ ಹೊತ್ತು ಖಾಲಿ ಇರುತ್ತದೆ, ಹೆಡ್‌ಮಿಸ್ಟ್ರೆಸ್ ಒಪ್ಪಿದ್ದಾರೆ. ಅಲ್ಲಿ ಡಿಕ್ಕಿ ಹೊಡೆಯಲು ಗೋಲ್ ಪೋಸ್ಟ್ ಬಿಟ್ಟರೆ ಬೇರೇನೂ ಇಲ್ಲ. ಬ್ರೇಕಿಗೆ ನಿನ್ನ ಬಲಗಾಲು ಸಾಕು. ಕ್ಲಚ್ ನನ್ನ ಪಾಡು, ಇಂಜಿನ್ ಆಫ್ ಆದರೆ ಆಗಲಿ. ಕಾರನ್ನು ಮೈದಾನಕ್ಕೆ ತಂದು ಕೊಡುವುದು ಹಲ್ಲಿನ ಡಾಕ್ಟರ ಕೆಲಸ. ಅದು ದಾನವಲ್ಲ, ನೀನು ಕಲಿಸಿದ್ದನ್ನು ನಿನಗೇ ತೋರಿಸುವುದು. ನಿನ್ನ ಡಾಕ್ಟರ ಹತ್ತಿರ ಮೊದಲು ಕೇಳು, ಅವರು ಬೇಡ ಎಂದರೆ ಬೇಡ.

ನಾನೊಬ್ಬಳೇ ಅಲ್ಲ. ಹಲ್ಲಿನ ಡಾಕ್ಟರ ಹೆಂಡತಿ, ಮೊದಲ ಮಹಡಿಯ ಟೈಲರಮ್ಮ, ಎದುರಿನ ಬೇಕರಿಯವಳು, ಅವಳ ನಾದಿನಿ, ಎಲ್ಲರೂ ಕೇಳುತ್ತಿದ್ದಾರೆ. ಗಂಡಂದಿರ ಹತ್ತಿರ ಕಲಿಯಲು ಹೋಗಿ ಸಂಸಾರ ಹಾಳು ಮಾಡಿಕೊಳ್ಳುವುದಕ್ಕಿಂತ ಕ್ಲಚ್ಚಕ್ಕನ ಹತ್ತಿರ ಬೈಸಿಕೊಳ್ಳುವುದೇ ವಾಸಿ ಎನ್ನುತ್ತಾರೆ.

ಇಳಿಯುವುದು ಹೇಗೆ ಎನ್ನುತ್ತೀಯ. ನೀನು ತಪ್ಪಾಗಿ ಇಳಿಯುತ್ತಿದ್ದೀಯ. ಇಳಿಯುವಾಗ ನೋಯುವ ಕಾಲು ಮೊದಲು, ಹತ್ತುವಾಗ ಒಳ್ಳೆಯ ಕಾಲು ಮೊದಲು. ಪ್ರತಿ ತಿರುವಿನಲ್ಲೂ ಅಸೋಸಿಯೇಷನ್ನಿನ ಒಂದೊಂದು ಕುರ್ಚಿ ಇಡಿಸಿದ್ದೇನೆ. ಕಟ್ಟಡದ ವಯಸ್ಸಾದವರೆಲ್ಲರಿಗೂ ಅದು, ನಿನಗೊಬ್ಬಳಿಗೇ ಎಂದು ಬೀಗಬೇಡ.

ಪೀಪಿ

*

ಐದನೇ ಮಹಡಿ
ಮೇ 3

ಪೀಪಿ,

ಕುರ್ಚಿ ನೋಡಿದೆ. ನಾಲ್ಕನೆಯ ಮಹಡಿಯದು ಕುಂಟುತ್ತದೆ, ನನಗೆ ಸರಿಯಾದ ಜೋಡಿ.

ಡಾಕ್ಟರು ಮೈದಾನವಾದರೆ ಸರಿ, ವಾರಕ್ಕೆ ಎರಡೇ ದಿನ ಎಂದರು. ಅಮ್ಮನಿಗೆ ಕಾಲಿನ ನಿಜ ಗೊತ್ತಾಗಿದೆ. "ಕಾಲು ಉಳುಕಿದೆ ಅಂತ ನನ್ನ ಕಣ್ಣಿಗೇ ಮಣ್ಣೆರಚಿದ್ಯಲ್ಲೇ" ಎಂದು ಬೈದು, ಆಮೇಲೆ ಒಳಗೆ ಹೋಗಿ ಅತ್ತಳು. ಕಾಗದ ಓದುವವಳಲ್ಲವಂತೆ!

ನನ್ನ ಷರತ್ತುಗಳು ಇಷ್ಟೇ. ಫೀಸು ಮುಂಗಡ. ಯಾರ ಬಾಯಿಂದಲೂ 'ಪಾಪ' ಎಂಬ ಮಾತು ಬರಬಾರದು. ಆ ದುಡ್ಡನ್ನು ನಾನು ಏನು ಮಾಡುತ್ತೇನೆ ಎಂದು ನೀನು ಕೇಳಬಾರದು. ಮತ್ತೆ ನಿನ್ನ ವಿಷಲ್. ಅದನ್ನು ಇವತ್ತೇ ಬುಟ್ಟಿಗೆ ಹಾಕು. ನೀನು ಪಾಸಾಗುವವರೆಗೆ ಅದು ನನ್ನ ಹತ್ತಿರ ಒತ್ತೆ.

ಕ್ಲಚ್ಚು

*

ಎರಡನೇ ಮಹಡಿ
ಜೂನ್ 17

ಟೀಚರ್,

ಮೈದಾನದಲ್ಲಿ ನೀನು ಗೇರು, ಕನ್ನಡಿ, ಇಂಡಿಕೇಟರ್ ಬಿಟ್ಟು ಬೇರೆ ಮಾತಾಡುವುದಿಲ್ಲ. ನಾನು ಬಾಯಿ ತೆರೆದರೆ ಮಡಚಿದ ಪೇಪರ್‌ನಿಂದ ಕೈಮೇಲೆ ಹೊಡೆಯುತ್ತೀಯ. ಅದಕ್ಕೇ ಬುಟ್ಟಿಗೆ ಬರೆಯುತ್ತಿದ್ದೇನೆ.

ಟೈಲರಮ್ಮ ನನಗಿಂತ ಮೊದಲು ಕಲಿತಳು. ಹೊಲಿಗೆ ಮೆಷೀನು ತುಳಿದ ಕಾಲು, ಎಷ್ಟು ಒತ್ತಬೇಕು ಎಷ್ಟು ಬಿಡಬೇಕು ಎಂದು ಅದಕ್ಕೇ ಗೊತ್ತು. ನನ್ನ ಕಾಲಿಗೆ ಗೊತ್ತಿರುವುದು ಓಡುವುದು, ನಿಲ್ಲುವುದು ಎರಡೇ. ಹಾಫ್ ಕ್ಲಚ್ ಎಂದರೆ ಅರ್ಧ ಮನಸ್ಸು, ಅದು ನನ್ನ ಸ್ವಭಾವದಲ್ಲೇ ಇಲ್ಲ.

ನೀನು ತಿಂಗಳು ತಿಂಗಳು ಬಾಕಿಗೆ ಕಟ್ಟುತ್ತಿರುವುದು ಖಜಾಂಚಿಯಿಂದ ತಿಳಿಯಿತು. ನಾನು ಕೇಳಲಿಲ್ಲ, ಅವರೇ ಹೇಳಿದರು. ನಿನ್ನೆ ಕಮಿಟಿಯಲ್ಲಿ ಅವರು, "ಅರ್ಧಕ್ಕಿಂತ ಜಾಸ್ತಿ ಕಟ್ಟಿದಾರೆ ಮೇಡಂ, ಕಾಲು ಬೇರೆ ಸರಿ ಇಲ್ಲ, ಗಾಡಿ ಒಳಗ್ ಬಿಡೋಣ" ಎಂದರು. ಎಲ್ಲರೂ ತಲೆಯಾಡಿಸಿದರು. ನಾನು ಆಗದು ಎಂದೆ. ಕಲ್ಲು ಮನಸ್ಸಿನವಳು ಎಂದು ಎದ್ದು ಹೋದರು. ಮನೆಗೆ ಬಂದ ಮೇಲೆ ನನಗೇ ಅನುಮಾನ ಹತ್ತಿದೆ. ಕಾರು ಒಳಗೆ ಬರಲಿ ಎಂದು ನಿನಗೆ ಅನಿಸುತ್ತಿದ್ದರೆ ಹೇಳು, ನಾನು ಅವರೆದುರು ನನ್ನ ಮಾತು ನುಂಗಿಕೊಳ್ಳುತ್ತೇನೆ.

ಇನ್ನೊಂದು. ಆ ನಗುವನ್ನು ಕ್ಷಮಿಸಿದ್ದೀಯಾ?

ಪೀಪಿ

*

ಐದನೇ ಮಹಡಿ
ಜೂನ್ 18

ಪೀಪಿ,

ನೀನು ಒಳಗೆ ಬಿಟ್ಟಿದ್ದರೆ ನಾನು ಕುಂಟಿಕೊಂಡೇ ಬಂದು ಹೊರಗೆ ತೆಗೆಯುತ್ತಿದ್ದೆ. ಮರದ ಕೆಳಗಿನ ಕಾರು ಈಗ ವಾರಕ್ಕೆರಡು ಸಲ ಹೊರಡುತ್ತದೆ, ಮೈತುಂಬ ಮೈದಾನದ ಧೂಳು ಹೊತ್ತು ಬರುತ್ತದೆ. ಅದನ್ನೂ ಬೀದಿ ನೋಡಲಿ. ನಿನ್ನ ಕಲ್ಲು ಮನಸ್ಸು ಕರಗಿಸಬೇಡ.

ನಗುವನ್ನು ಇನ್ನೂ ಕ್ಷಮಿಸಿಲ್ಲ.

ಗೇರ್ ಬದಲಿಸುವಾಗ ಕೆಳಗೆ ನೋಡಬೇಡ.

ಕ್ಲಚ್ಚು

*

ಐದನೇ ಮಹಡಿ
ಆಗಸ್ಟ್ 11

ಮಾನ್ಯ ಕಾರ್ಯದರ್ಶಿಗಳೇ,

ಇಂದು ಬೆಳಿಗ್ಗೆ ಖಜಾಂಚಿಯವರ ಕೈಗೆ ಕೊನೆಯ ಕಂತು ಕೊಟ್ಟೆ. ರಸೀದಿ ಅಮ್ಮನ ಕನ್ನಡಕದ ಡಬ್ಬಿಯಲ್ಲಿ ಭದ್ರವಾಗಿದೆ. ಲಿಫ್ಟಿನವರು ನಿನ್ನೆಯಿಂದ ಮರಳು ಚೀಲ ತುಂಬಿಸಿ ಜನರಿಲ್ಲದ ಲಿಫ್ಟನ್ನು ಮೇಲೆ ಕೆಳಗೆ ಓಡಿಸುತ್ತಿದ್ದಾರೆ. ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತು, "ಮರಳಿಗಿಂತ ನಾನು ಹಗುರ ಇದೀನಿ, ನನ್ನನ್ನೇ ಕೂರಿಸ್ಕೊಳ್ರಪ್ಪ" ಎಂದು ಅವರ ಜೀವ ತಿನ್ನುತ್ತಿದ್ದಾಳೆ.

ಈಗ ನನ್ನ ಕಾರು ಒಳಗೆ ಬರಬಹುದಷ್ಟೇ? ನಾಳೆ ಬೆಳಿಗ್ಗೆ ಬರುತ್ತದೆ, ಎಲ್ಲರೂ ಆಫೀಸಿಗೆ ಹೊರಡುವ ಹೊತ್ತಿಗೆ. ಓಡಿಸಿಕೊಂಡು ಬರುವವಳು ನೀನು. ಅದೇ ನಿನ್ನ ಪರೀಕ್ಷೆ. ಮರದ ಕೆಳಗಿಂದ ಹೊರಟು, ದಿಬ್ಬ ಹತ್ತಿ, ಇಳಿಜಾರು ಇಳಿದು, ನನ್ನ ಜಾಗದಲ್ಲಿ ನೇರ ನಿಲ್ಲಿಸಬೇಕು. ನಾನು ಪಕ್ಕದಲ್ಲಿ ಕುಳಿತಿರುತ್ತೇನೆ. ಒಂದು ಮಾತೂ ಆಡುವುದಿಲ್ಲ.

ಪರೀಕ್ಷಕಿ

*

ಐದನೇ ಮಹಡಿ
ಆಗಸ್ಟ್ 12

ಫಲಿತಾಂಶ

ಮರದ ಕೆಳಗಿಂದ ಹೊರಟದ್ದು: ಚೆನ್ನಾಗಿತ್ತು. ಇಂಡಿಕೇಟರ್ ಹಾಕಿದೆ, ಕನ್ನಡಿ ನೋಡಿದೆ. ತುಟಿ ಮಾತ್ರ ಒಣಗಿತ್ತು.

ದಿಬ್ಬ: ಇಂಜಿನ್ ಆಫ್. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಮೂರನೇ ಸಲಕ್ಕೆ ಒಳಗಿಂದ ಹೊರಡುವ ಕಾರುಗಳೆಲ್ಲ ಎದುರಿಗೆ ಸಾಲುಗಟ್ಟಿದವು. ಮೊದಲನೆಯದರಲ್ಲಿ ಹಲ್ಲಿನ ಡಾಕ್ಟರು. ಅವರು ಹಾರ್ನ್ ಮಾಡಲಿಲ್ಲ, ಆ ದಿಬ್ಬ ಅವರಿಗೆ ಗೊತ್ತು. ಯಾರೂ ನಗಲಿಲ್ಲ. ಕಾರ್ಯದರ್ಶಿಯನ್ನು ನೋಡಿ ನಗುವ ಧೈರ್ಯ ಯಾರಿಗಿದೆ? ನೀನು ಸ್ಟೇರಿಂಗ್ ಮೇಲೆ ಹಣೆಯಿಟ್ಟು, "ಆಗಲ್ಲ ಕಣೇ, ನನ್ ಕೈಲಾಗಲ್ಲ" ಎಂದೆ. ಈ ಜನ್ಮದಲ್ಲಿ ನಿನ್ನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಆಗ ವಿಷಲ್ ಊದಿದವಳು ನಾನೇ. ಹೌದು, ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದೆ. ಆ ನಿನ್ನ ಮುಖ! ಮೊದಲು ನಾನು ನಕ್ಕೆ, ಆಮೇಲೆ ನೀನು, ಆಮೇಲೆ ಡಾಕ್ಟರು, ಸೆಕ್ಯೂರಿಟಿಯವರು, ಮೇಲೆ ಬಾಲ್ಕನಿಯಲ್ಲಿ ಅಮ್ಮ. ಕಣ್ಣೀರು ಬರುವಷ್ಟು ನಕ್ಕೆವು. ನಿನ್ನ ಕಣ್ಣೀರು ನಗುವಿನದು ಮಾತ್ರವಲ್ಲ ಎಂದು ನನಗೆ ಗೊತ್ತಾಯಿತು. ನನ್ನದೂ ಅಲ್ಲ. ನಗುತ್ತಲೇ ನೀನು ಹಾಫ್ ಕ್ಲಚ್‌ನಲ್ಲಿ ಹಿಡಿದೆ, ಕಾರು ದಿಬ್ಬ ಹತ್ತಿತು.

ನಿಲ್ಲಿಸಿದ್ದು: ಓರೆ. ಎಡಗಡೆಯ ಕಂಬಕ್ಕೆ ಬಾಗಿಲು ಉಜ್ಜಿತು. ಅಷ್ಟುದ್ದ ಗೀರು. ಅದನ್ನು ನಾನು ಅಳಿಸುವುದಿಲ್ಲ.

ಒಟ್ಟಿನಲ್ಲಿ: ಫೇಲ್.

ಆದ್ದರಿಂದ ಷರತ್ತಿನ ಪ್ರಕಾರ ವಿಷಲ್ ಇನ್ನೂ ನನ್ನ ಹತ್ತಿರವೇ ಇದೆ. ಬುಟ್ಟಿಯಲ್ಲಿ ಕಳಿಸುವುದಿಲ್ಲ. ಬುಟ್ಟಿ ಇಳಿಸಲು ಇಲ್ಲಿ ಯಾರೂ ಇಲ್ಲ, ಹಗ್ಗ ಹಿಡಿಯುವವಳೇ ಈ ಕಾಗದ ಹಿಡಿದುಕೊಂಡು, ಇವತ್ತು ಶುರುವಾದ ಲಿಫ್ಟಿನಲ್ಲಿ ಕೆಳಗೆ ಹೊರಟಿದ್ದಾಳೆ. ನಿನ್ನ ಕೈಗೆ ಕೊಟ್ಟ ಮೇಲೆ ಅಂಗಳಕ್ಕೆ ಹೋಗಿ ಆ ಕಾರಂಜಿಯನ್ನು ಹತ್ತಿರದಿಂದ ಬೈಯಬೇಕಂತೆ. ಅವಳನ್ನು ಅಲ್ಲಿ ಕೂರಿಸಿ, ಅದೇ ಲಿಫ್ಟ್ ಹತ್ತಿ ಮೇಲೆ ಬಾ.

ನಿನ್ನ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿಟ್ಟಿದ್ದೇನೆ.

ನಿನ್ನ
ಕ್ಲಚ್ಚು